ನೀರಿನ ಮೇಲಣ ಎಣ್ಣೆಯೂ ಅದನ್ನು ಹೀರುವ ವಸ್ತುಗಳ ಪರೀಕ್ಷೆಯೂ

2022ನೆಯ ಇಸವಿಯ ಜೂನ್ ತಿಂಗಳಲ್ಲಿ ಉಕ್ಕಿನ ಸುರುಳಿಗಳನ್ನು ಹೊತ್ತು ಸಾಗುತ್ತಿದ್ದ ‘ಪ್ರಿನ್ಸೆಸ್ ಮಿರಾಲ್’ ಎಂಬ ಹಡಗು ಮಂಗಳೂರಿಗೆ ಸಮೀಪದ ಉಳ್ಳಾಲದ ಕಡಲಿನಲ್ಲಿ ಮುಳುಗಿತು. ಅದರಲ್ಲಿದ್ದ 15 ಮಂದಿ ನಾವಿಕರನ್ನು ತಟರಕ್ಷಕ ದಳದವರು ಉಳಿಸಿದರು. ಆದರೆ ಹಡಗಿನೊಳಗಣ 200 ಟನ್ನಿಗೂ ಮಿಕ್ಕ ತೈಲವು ಹೊರಬಿದ್ದರೆ ಮೀನುಗಾರರ ಜೀವನವೇನಾದೀತೆಂಬ ಭಯವು ಕರಾವಳಿಯಲ್ಲೆಲ್ಲಾ ಹಬ್ಬಿತು.

ಇಂತಹ ಭಯಕ್ಕೆ ಹಡಗೇ ಮುಳುಗಬೇಕೆಂದಿಲ್ಲ. ಫಳ್ನೀರಿನಂತಹ ಪೇಟೆಯ ಬೀದಿಗಳಲ್ಲಿ ವಾಹನಗಳಿಂದ ಸೋರಿದ ಎಣ್ಣೆಯನ್ನು ಮಳೆಯ ನೀರು ತೊಳೆದು ತಗ್ಗಿನ ತೋಡುಗಳಿಗೆ ಒಯ್ಯುವುದು. ಗದ್ದೆಯ ಬದಿಯಲ್ಲಿ ಪಂಪಿನ ಎಣ್ಣೆ ಚೆಲ್ಲಿದರೆ ಕೆರೆಬಾವಿಗಳಿಗೂ ಇದೇ ಗತಿ. ತೆಳುವಾದ ಎಣ್ಣೆಯ ಪದರವೂ ನೀರಿಗೆ ಗಾಳಿ ಸೇರದಂತೆ ತಡೆಯುವುದು.

ಎಣ್ಣೆಯನ್ನು ತೆಗೆಯಲು ಪೇಟೆಯಲ್ಲಿ ಕೃತಕ ಹಾಸುಗಳು ದೊರೆಯುತ್ತವೆ. ಬೈಹುಲ್ಲು, ತೆಂಗಿನ ನಾರಿನ ಹುಡಿ, ಬೂರುಗದ ಹತ್ತಿ ಮೊದಲಾದುವು ಊರಿನಲ್ಲಿಯೇ ಉಂಟು. ಇವುಗಳಲ್ಲಿ ಬೂರುಗದ ಎಳೆಯು ಒಳಗೆ ಪೊಳ್ಳಾಗಿಯೂ ಹೊರಗೆ ಮೇಣದ ಲೇಪವುಳ್ಳದ್ದಾಗಿಯೂ ಇರುವುದರಿಂದ ನೀರನ್ನು ದೂರವಿಟ್ಟು ಎಣ್ಣೆಯನ್ನು ಹೀರುವುದು. ನಾರಿನ ಹುಡಿಯಾದರೋ ನೀರನ್ನೇ ಹೇರಳವಾಗಿ ಕುಡಿಯುವುದು. ಆದುದರಿಂದ ಒದ್ದೆಯಾದ ವಸ್ತುವಿನ ತೂಕ ಹೆಚ್ಚಿದೊಡನೆ ಅದು ಎಣ್ಣೆಯನ್ನು ಹೀರಿತೆಂದು ನಂಬುವುದು ತಪ್ಪು.

ಪರೀಕ್ಷೆಯು ಸುಲಭ. ಎರಡು ಬೋಗುಣಿಗಳಲ್ಲಿ ನೀರು ತುಂಬಿ, ಒಂದಕ್ಕೆ ಮಾತ್ರ ಅಳೆದ ಎಣ್ಣೆಯನ್ನು ಹಾಕತಕ್ಕದ್ದು. ತೂಗಿದ ವಸ್ತುವನ್ನು ಎರಡರಲ್ಲಿಯೂ ಕಾಲು ಗಂಟೆ ಬಿಟ್ಟು, ಜರಡಿಯಿಂದೆತ್ತಿ, ಸೋರಲು ಬಿಟ್ಟು ಮತ್ತೆ ತೂಗಬೇಕು. ಬರಿಯ ನೀರಿನಲ್ಲಿ ತೂಕ ಬಹಳ ಏರಿದ ವಸ್ತುವು ಈ ಕೆಲಸಕ್ಕೆ ತಕ್ಕುದಲ್ಲ. ಎಣ್ಣೆಯ ಬೋಗುಣಿಯದನ್ನು ಕೈಚೀಲ ಧರಿಸಿ ಗಾಜಿನ ಪಾತ್ರೆಗೆ ಹಿಂಡಿದರೆ ನೀರು ಕೆಳಗೂ ಎಣ್ಣೆ ಮೇಲೂ ನಿಂತು ಅದರ ನಿಜವಾದ ಗುಣವು ಕಣ್ಣಿಗೆ ಕಾಣುವುದು. ಒಂದು ದಿನದೊಳಗೆ ಮುಳುಗಿಹೋಗುವ ವಸ್ತುವನ್ನೂ ಬಿಡತಕ್ಕದ್ದು; ಅದು ಎಣ್ಣೆಯನ್ನು ತಳಕ್ಕೊಯ್ಯುವುದೇ ಹೊರತು ನೀರಿನಿಂದ ತೆಗೆಯಲಾರದು.

ಮಾರುವವನ ಮಾತನ್ನೇ ನಂಬಿ ಪಂಚಾಯತಿಯ ಹಣವನ್ನು ವೆಚ್ಚಮಾಡುವುದು ಯುಕ್ತವಲ್ಲ. ಊರಿನ ವಸ್ತುವೆಂಬ ಅಭಿಮಾನದಿಂದ ಪರೀಕ್ಷಿಸದೆ ಬಳಸುವುದೂ ಅಷ್ಟೇ ಅವಿವೇಕ. ಎಣ್ಣೆ ಹೀರಿದ ವಸ್ತುವನ್ನು ಗೊಬ್ಬರದ ಗುಂಡಿಗೆ ಹಾಕಲೂಬಾರದು, ಬಯಲಿನಲ್ಲಿ ಸುಡಲೂಬಾರದು. 2016ನೆಯ ಇಸವಿಯ ನಿಯಮಗಳಂತೆ ಬಳಸಿ ಬಿಟ್ಟ ಯಂತ್ರದೆಣ್ಣೆಯು ಅಪಾಯಕಾರಿ ತ್ಯಾಜ್ಯವು. ಮುಚ್ಚಳವುಳ್ಳ ಡಬ್ಬಿಯಲ್ಲಿಟ್ಟು ಪರವಾನಗಿಯುಳ್ಳವರಿಗೆ ಒಪ್ಪಿಸುವುದೇ ಸರಿ.

ಎಣ್ಣೆ ಚೆಲ್ಲಿದ ದಿನ ಪರೀಕ್ಷೆಗೆ ಸಮಯವಿರುವುದಿಲ್ಲ. ಗ್ರಾಮದ ಮುಖಂಡರೂ ಜಮೀನುದಾರರೂ ಮುಂಗಾರಿಗೆ ಮೊದಲೇ ಇದನ್ನು ನಡೆಸಿ, ಗೆದ್ದ ವಸ್ತುವನ್ನು ಒಣಗಿಸಿ ಕೂಡಿಡುವುದು ಊರಿನ ನೀರಿಗೆ ಕ್ಷೇಮಕರವು.