ಬಲ್ಬು ಎಲ್ಲಿ ಬಚ್ಚಿಟ್ಟಿದ್ದೀರಿ, ಸ್ವಾಮಿ?

ರಾತ್ರಿ ಎಂಟರ ಮೇಲೆ ಉಮರ್ಗಾದಿಂದ ನಿಲಂಗಾಕ್ಕೋ, ನಿಲಂಗಾದಿಂದ ಉದಗೀರಕ್ಕೋ ಒಮ್ಮೆ ಹೋಗಿ ನೋಡಿ. ಎದುರಿನಿಂದ ಬರುವ ಗಾಡಿಗಳಲ್ಲಿ ಒಕ್ಕಣ್ಣಿನವು ಎಷ್ಟು ಅಂತ ಸುಮ್ಮನೆ ಎಣಿಸುತ್ತಾ ಹೋಗಿ. ದೂರದಲ್ಲಿ ಒಂದೇ ದೀಪ ಕಂಡರೆ ನಾವೆಲ್ಲ ಬೈಕು ಬಂತು ಅಂದುಕೊಳ್ಳುತ್ತೇವೆ, ಬೈಕಿಗೆ ಎಷ್ಟು ಬೇಕೋ ಅಷ್ಟು ಜಾಗ ಬಿಡುತ್ತೇವೆ. ಹತ್ತಿರ ಬಂದ ಮೇಲೆ ನೋಡಿದರೆ ಅದು ಕಾರು! ಅದರಲ್ಲೂ ಸತ್ತಿರುವುದು ಬಲಗಡೆಯ ದೀಪ, ಅಂದರೆ ರಸ್ತೆಯ ನಡುವಿನ ಕಡೆಯದು. ಡಿವೈಡರ್ ಇಲ್ಲದ ರಸ್ತೆಯಲ್ಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಎಡಗಡೆಯದು ಸತ್ತಿದ್ದರೆ ರಸ್ತೆಯ ಅಂಚಿನಲ್ಲಿ ನಡೆದು ಬರುವವರು ಕಾಣುವುದಿಲ್ಲ. ಚಳಿಗಾಲದಲ್ಲಿ ಹತ್ತನೆಯ ತರಗತಿಯ ಹೆಚ್ಚಿನ ಕ್ಲಾಸು ಮುಗಿಸಿ ಆ ಅಂಚಿನಲ್ಲೇ ನಮ್ಮ ಮಕ್ಕಳು ಮನೆಗೆ ಹೋಗುತ್ತಾರೆ. ಅದೇ ಹೊತ್ತಿಗೆ ಕಬ್ಬಿನ ಹಂಗಾಮು ಬೇರೆ, ಹಿಂದೆ ಕೆಂಪು ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು.

"ಜನಕ್ಕೆ ಬುದ್ಧಿ ಇಲ್ಲ, ಒಂದು ಬಲ್ಬು ಹಾಕಿಸಲಿಕ್ಕೆ ಏನು ಧಾಡಿ" ಅಂತ ಬೈಯುವುದು ಸುಲಭ. ಪೊಲೀಸರಿಗೂ ಸುಲಭ. ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನ ಪ್ರಕಾರ ಮೊದಲ ತಪ್ಪಿಗೆ ನೂರು ರೂಪಾಯಿವರೆಗೆ ಇದ್ದ ದಂಡ 2019ರ ತಿದ್ದುಪಡಿಯಿಂದ ಐದುನೂರರವರೆಗೆ ಏರಿದೆ. ದಂಡ ಕಟ್ಟುವವನು ಗಾಡಿಯ ಮಾಲೀಕ. ಆದರೆ ಬಲ್ಬನ್ನು ಕೈಗೆ ಸಿಗದ ಜಾಗದಲ್ಲಿ ಕೂಡಿಸಿದವನಿಗೆ ಎಷ್ಟು ದಂಡ ರೀ? ಸೊನ್ನೆ.

ನಂಬಿಕೆ ಬಾರದಿದ್ದರೆ ಈಗಿನ ಯಾವುದಾದರೂ ಸಣ್ಣ ಕಾರಿನ ಬಾನೆಟ್ ಎತ್ತಿ ನೋಡಿ. ದೀಪದ ಹಿಂದೆ ಒಂದು ಕಡೆ ಬ್ಯಾಟರಿ ಕುಳಿತಿರುತ್ತದೆ, ಇನ್ನೊಂದು ಕಡೆ ಗಾಜು ತೊಳೆಯುವ ನೀರಿನ ಡಬ್ಬಿಯ ಕುತ್ತಿಗೆಯೋ ಗಾಳಿ ಫಿಲ್ಟರಿನ ಪೆಟ್ಟಿಗೆಯೋ. ನಡುವೆ ಉಳಿದ ಸಂದಿಯಲ್ಲಿ ಏಳನೆಯ ತರಗತಿಯ ಹುಡುಗನ ಕೈ ಹೋಗಬಹುದು, ದೊಡ್ಡವರ ಕೈ ಹೋಗುವುದಿಲ್ಲ. ಹೋದರೂ ಕಣ್ಣು ಹೋಗುವುದಿಲ್ಲ! ಕೆಲವು ಗಾಡಿಗಳಲ್ಲಿ ಚಕ್ರವನ್ನು ಪೂರ್ತಿ ತಿರುಗಿಸಿ, ಒಳಗಿನ ಪ್ಲಾಸ್ಟಿಕ್ ಮಡ್‌ಗಾರ್ಡಿನ ಕ್ಲಿಪ್ಪು ಕಿತ್ತು, ಕೆಳಗಿನಿಂದ ಕೈ ತೂರಿಸಬೇಕು. ಇನ್ನು ಕೆಲವಕ್ಕೆ ಬಂಪರನ್ನೇ ಬಿಚ್ಚಬೇಕು. ಬಿಚ್ಚುವಾಗ ನಾಲ್ಕು ಕ್ಲಿಪ್ಪು ಮುರಿದರೆ ಅದರ ಖರ್ಚು ಬೇರೆ. ನಮ್ಮೂರ ಗ್ಯಾರೇಜಿನವನು ಹೇಳಿದ ಮಾತು ಇದು: "ಗುರುಜಿ, ಬಲ್ಬು ಹಾಕೂದು ಎರಡು ನಿಮಿಷದ ಕೆಲಸ ರೀ. ಬಲ್ಬಿನ ತನಕ ಮುಟ್ಟೂದು ತಾಸಿನ ಕೆಲಸ."

ಬಲ್ಬಿನ ಬೆಲೆ ನೂರೈವತ್ತು ಇನ್ನೂರು. ಆ ತಾಸಿನ ಕೂಲಿ ಅದಕ್ಕಿಂತ ಹೆಚ್ಚು. ಕೈಪಿಡಿ ತೆರೆದರೆ 'ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋಗಿ' ಅಂತ ಬರೆದಿರುತ್ತದೆ. ಉಮರ್ಗಾದವನಿಗೆ ಸೊಲ್ಲಾಪುರ ನೂರು ಕಿಲೋಮೀಟರಿನ ಹತ್ತಿರ, ಉದಗೀರದವನಿಗೆ ಲಾತೂರು ಅರವತ್ತರ ಮೇಲೆ. ಒಂದು ಬಲ್ಬಿಗೆ ಯಾರು ಹೋಗುತ್ತಾರೆ? ಮುಂದಿನ ಸರ್ವಿಸಿಂಗ್ ಬಂದಾಗ ನೋಡೋಣ ಅನ್ನುತ್ತಾರೆ. ಆ ನಡುವಿನ ನಾಲ್ಕು ತಿಂಗಳು ಒಕ್ಕಣ್ಣಿನ ಓಡಾಟ.

ಹಿಂದೆ ಹೀಗಿರಲಿಲ್ಲ. 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರಿನ ದೀಪ ಏಳು ಇಂಚಿನ ದುಂಡನೆಯದು. ಮುಂದಿನಿಂದ ರಿಂಗು ಬಿಚ್ಚಿದರೆ ದೀಪವೇ ಕೈಗೆ ಬರುತ್ತಿತ್ತು. ಹಳೆಯ ಕಾಳಿ-ಪಿವಳಿ ಜೀಪುಗಳೂ ಅಷ್ಟೇ. ಒಂದು ಸ್ಕ್ರೂಡ್ರೈವರ್, ಐದು ನಿಮಿಷ. ಆ ಗಾಡಿಗಳು ಬಹಳ ಒಳ್ಳೆಯವಾಗಿದ್ದವು ಅಂತ ನಾನು ಹೇಳುತ್ತಿಲ್ಲ (ಬ್ರೇಕು ನೆನಪಿದೆಯಲ್ಲ!). ಆದರೆ ಬಲ್ಬು ಅನ್ನುವುದು ಒಂದು ದಿನ ಸುಟ್ಟೇ ಸುಡುತ್ತದೆ ಅಂತ ಅವನ್ನು ಮಾಡಿದವರಿಗೆ ಗೊತ್ತಿತ್ತು. ಈಗಿನವರು ಮರೆತಂತೆ ನಟಿಸುತ್ತಾರೆ.

ಕಾಣದ ಜಾಗದಲ್ಲಿ ಕೈಯಾಡಿಸಿ ಬಲ್ಬು ಹಾಕಿದರೆ ಇನ್ನೊಂದು ಅಪಾಯ ಇದೆ. ನಮ್ಮ ಎಷ್ಟೋ ಗಾಡಿಗಳಲ್ಲಿ ಇರುವುದು ಎಚ್4 ಎನ್ನುವ ಹ್ಯಾಲೊಜನ್ ಬಲ್ಬು, 60/55 ವ್ಯಾಟ್. ಒಂದೇ ಗಾಜಿನೊಳಗೆ ಎರಡು ತಂತಿ, ಒಂದು ಅಪ್ಪರ್, ಒಂದು ಡಿಪ್ಪರ್. ಡಿಪ್ಪರಿನ ತಂತಿಯ ಕೆಳಗೆ ಸಣ್ಣ ಲೋಹದ ಮರೆ ಇರುತ್ತದೆ, ಬೆಳಕು ಎದುರಿನವನ ಕಣ್ಣಿಗೆ ಏರದಂತೆ ತಡೆಯುವುದು ಅದೇ. ಬಲ್ಬಿನ ಸುತ್ತಿನ ಮೂರು ಕಿವಿಗಳು ತಮ್ಮ ತಮ್ಮ ಗಾಡಿಯಲ್ಲಿ ಸರಿಯಾಗಿ ಕುಳಿತು, ಮೇಲೆ ತಂತಿಯ ಕ್ಲಿಪ್ಪು ಬಿದ್ದರೆ ಮಾತ್ರ ಆ ಮರೆ ತನ್ನ ಜಾಗದಲ್ಲಿರುತ್ತದೆ. ಅರ್ಧ ಕುಳಿತರೂ ಬಲ್ಬು ಉರಿಯುತ್ತದೆ, ಹಾಕಿದವನು ಖುಷಿಯಾಗುತ್ತಾನೆ, ಎದುರಿನವನು ಕುರುಡಾಗುತ್ತಾನೆ. ಹ್ಯಾಲೊಜನ್ ಗಾಜನ್ನು ಬರಿಗೈಯಲ್ಲಿ ಮುಟ್ಟಲೂ ಬಾರದು. ಕೈಯ ಎಣ್ಣೆ ಹತ್ತಿದ ಜಾಗ ಅತಿಯಾಗಿ ಕಾಯ್ದು ಬಲ್ಬು ಬೇಗ ಹೋಗುತ್ತದೆ. ಮೊಣಕೈ ತನಕ ಗ್ರೀಸು ಬಳಿದುಕೊಂಡು ಸಂದಿಯಲ್ಲಿ ತಡಕುವವನು ಗಾಜು ಮುಟ್ಟದೆ ಹೇಗೆ ಹಾಕಬೇಕು, ಕಂಪನಿಯವರೇ ಬಂದು ತೋರಿಸಲಿ.

ಅವರ ಉತ್ತರ ಗೊತ್ತು. ಈಗಿನ ಗಾಡಿಯಲ್ಲಿ ಜಾಗ ಕಡಿಮೆ, ಅಪಘಾತದಲ್ಲಿ ಪಾದಚಾರಿಗೆ ಪೆಟ್ಟು ಕಡಿಮೆಯಾಗಲಿ ಅಂತ ಮುಂಭಾಗದ ಆಕಾರ ಬದಲಾಗಿದೆ, ಮುಂದೆ ಎಲ್ಲ ಎಲ್ಇಡಿ ಬರುತ್ತದೆ. ಮೊದಲ ಎರಡನ್ನು ಒಪ್ಪೋಣ. ಆದರೂ ಚಕ್ರದ ಮಡ್‌ಗಾರ್ಡಿನಲ್ಲಿ ತಿರುಗಿಸಿ ತೆಗೆಯುವ ಒಂದು ಅಂಗೈ ಅಗಲದ ಮುಚ್ಚಳ ಇಡಲಿಕ್ಕೆ ಎಷ್ಟು ಜಾಗ ಬೇಕು? ಎಲ್ಇಡಿ ಬಾಳಿಕೆ ಹೆಚ್ಚು, ನಿಜ. ಆದರೆ ಎಷ್ಟೋ ಮಾದರಿಗಳಲ್ಲಿ ಅದು ಹೋದರೆ ದೀಪದ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕು, ಸಾವಿರಾರು ರೂಪಾಯಿ. ಇದು ಪರಿಹಾರವೇ?

ಯುರೋಪಿನಲ್ಲಿ ನಡೆಯುವ ವಿಶ್ವಸಂಸ್ಥೆಯ 48ನೇ ಸಂಖ್ಯೆಯ ವಾಹನ ನಿಯಮ ಏನು ಹೇಳುತ್ತದೆ ಗೊತ್ತೆ? ಗಾಡಿಯ ಜೊತೆ ಕೊಟ್ಟ ಉಪಕರಣ ಬಿಟ್ಟು ಬೇರೆ ವಿಶೇಷ ಉಪಕರಣ ಇಲ್ಲದೆ ಬಲ್ಬು ಬದಲಿಸಲು ಬರಬೇಕು, ಹೇಗೆ ಬದಲಿಸಬೇಕು ಅನ್ನುವ ವಿವರವನ್ನೂ ಗಾಡಿಯ ಜೊತೆ ಕೊಡಬೇಕು. ಕೇಳಲಿಕ್ಕೆ ಚಂದ. ಆದರೆ ಬಂಪರ್ ಬಿಚ್ಚಲು ಬೇಕಾಗುವ ಸ್ಕ್ರೂಡ್ರೈವರು, ಪಾನಾ ವಿಶೇಷ ಉಪಕರಣ ಅಲ್ಲವಲ್ಲ! ನಿಯಮದ ಅಕ್ಷರಕ್ಕೆ ಧಕ್ಕೆ ಇಲ್ಲ, ಬಲ್ಬೂ ಕೈಗೆ ಸಿಗುವುದಿಲ್ಲ. ನಮಗೆ ಬೇಕಾದ್ದು ಇದಕ್ಕಿಂತ ನೇರವಾದ ಮಾತು: ಬೇರೆ ಯಾವ ಭಾಗವನ್ನೂ ಬಿಚ್ಚದೆ, ಸಾಧಾರಣ ಕೈಯುಳ್ಳ ಮನುಷ್ಯ, ಹತ್ತು ನಿಮಿಷದೊಳಗೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ 'ದುರಸ್ತಿಯ ಹಕ್ಕು' ಅಂತ ಸಮಿತಿ ಮಾಡಿತು, ಅದೇ ಡಿಸೆಂಬರ್ 24ಕ್ಕೆ ಪೋರ್ಟಲ್ಲೂ ತೆರೆಯಿತು. ಕೃಷಿ ಉಪಕರಣ, ಮೊಬೈಲು, ಮನೆಬಳಕೆಯ ಯಂತ್ರಗಳ ಜೊತೆ ವಾಹನಗಳೂ ಆ ಪಟ್ಟಿಯಲ್ಲಿವೆ. ದುರಸ್ತಿಯ ಹಕ್ಕು ಅಂದರೆ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಷ್ಟೇ ಅಲ್ಲ. ಅದನ್ನು ಹಾಕಲು ಕೈ ಹೋಗಬೇಕು.

ಇದೆಲ್ಲ ಕನ್ನಡ ಶಾಲೆಯವರಿಗೆ ಯಾಕೆ ಅನ್ನುತ್ತೀರಾ? ನಮ್ಮಲ್ಲಿ ಕಲಿತ ಹುಡುಗರು ಎಲ್ಲರೂ ಇಂಜಿನಿಯರಾಗಿ ಪುಣೆಗೆ ಹೋಗುವುದಿಲ್ಲ. ಅನೇಕರು ಇಲ್ಲೇ ಗ್ಯಾರೇಜಿನಲ್ಲಿದ್ದಾರೆ, ಡ್ರೈವರಾಗಿದ್ದಾರೆ. ಅವರು ಕನ್ನಡದಲ್ಲಿ, ಮರಾಠಿಯಲ್ಲಿ ನೀರು ಕುಡಿದಂತೆ ಓದುತ್ತಾರೆ. ನಾನು ನೋಡಿದ ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿವೆ. ಗಡಿಯಾಚೆ ಉಳಿದ ನಮ್ಮಂಥ ಸ್ವಲ್ಪ ಮಕ್ಕಳಿಗಾಗಿ ಮಹಾರಾಷ್ಟ್ರದ ಬಾಲಭಾರತಿ ವಿಜ್ಞಾನದ ಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸುತ್ತದೆ. ಎರಡೂ ರಾಜ್ಯಗಳಲ್ಲಿ ಗಾಡಿ ಮಾರಿ ಕೋಟಿ ಎಣಿಸುವ ಕಂಪನಿಗಳಿಗೆ ಬಲ್ಬಿನ ಎರಡು ಪುಟ ಕನ್ನಡದಲ್ಲಿ ಹಾಕಿಸಲು ಆಗುವುದಿಲ್ಲವೆ?

ಅಲ್ಲಿಯ ತನಕ ಒಂದು ಕೆಲಸ ಮಾಡಬಹುದು. ನಮ್ಮ ಶಿಕ್ಷಕರಲ್ಲಿ, ಪಾಲಕರಲ್ಲಿ ಯಾರಾದರೂ ಹೊಸ ಗಾಡಿ ಕೊಳ್ಳಲು ಹೋದರೆ ಬಣ್ಣ, ಮೈಲೇಜು ಕೇಳಿದ ಮೇಲೆ ಸೇಲ್ಸಿನವನಿಗೆ ಇಷ್ಟು ಹೇಳಿ: "ತಮ್ಮಾ, ಎಡಗಡೆ ಡಿಪ್ಪರ್ ಬಲ್ಬು ನನ್ನ ಮುಂದೆ ಒಮ್ಮೆ ತೆಗೆದು ಹಾಕಿ ತೋರಿಸಪ್ಪಾ." ಅವನ ಮುಖ ನೋಡಿ ಗಾಡಿ ಆರಿಸಿಕೊಳ್ಳಿ. ಗ್ಯಾರೇಜಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ಯಾವ ಮಾದರಿಗೆ ಯಾವ ಕಡೆಯಿಂದ ಕೈ ಹಾಕಬೇಕು, ಮೊದಲು ಏನು ಬಿಚ್ಚಬೇಕು, ಎಷ್ಟು ಹೊತ್ತು ಹಿಡಿಯಿತು ಅಂತ ನಾಲ್ಕು ಸಾಲು ಬರೆದು ಕಳಿಸಿ. ಇಲ್ಲೇ ಹಾಕುತ್ತೇನೆ, ಕನ್ನಡದಲ್ಲೇ.