ಆಟದ ನಕಾಶೆಯಲ್ಲಿ ನಮ್ಮ ಮೆಟ್ರಿ

ಕಳೆದ ಬೇಸಿಗೆ ರಜೆಯಲ್ಲಿ ಹೊಸಪೇಟೆಯಿಂದ ಅಕ್ಕನ ಮಗ ಬಂದಿದ್ದ. ಪಿಯುಸಿ ಮುಗಿಸಿದ ಹುಡುಗ. ಬಟ್ಟೆ ಕಡಿಮೆ, ಹಳೆಯ ಲ್ಯಾಪ್‌ಟಾಪಿನ ಚೀಲವೇ ದೊಡ್ಡದು. ಝುಹರ್ ನಮಾಝ್ ಮುಗಿಸಿ ಊಟ ಮಾಡಿ ಕುಳಿತನೆಂದರೆ ಅಸರ್ ಅಝಾನ್ ಕೇಳುವವರೆಗೂ ಅದರ ಮುಂದೆಯೇ. "ಇದೇನಪ್ಪಾ, ಹೊಡಿ ಬಡಿ ಆಟವಾ?" ಎಂದು ಒಂದು ದಿನ ಗದರಿದೆ.

"ಅಲ್ಲ ಖಾಲಾ, ಇದು ರಾಜ್ಯ ಕಟ್ಟೋ ಆಟ. ಬಂದು ನೋಡ್ರಿ, ನಿಮ್ಮೂರೂ ಐತಿ."

ಕೈಯಲ್ಲಿದ್ದ ಅಕ್ಕಿಯ ಮೊರವನ್ನು ಬದಿಗಿಟ್ಟು ಹೋಗಿ ನೋಡಿದೆ. ಹಸಿರು ನೆಲ, ನೀಲಿ ಹೊಳೆ, ಅಲ್ಲಲ್ಲಿ ಪುಟ್ಟ ಪುಟ್ಟ ಊರುಗಳು. ಒಂದೊಂದಕ್ಕೂ ಅವನೇ ಹೆಸರಿಟ್ಟಿದ್ದ. ನಡುವೆ ರಾಜಧಾನಿ ವಿಜಯನಗರ. ಅದರ ಸುತ್ತ ಕಂಪ್ಲಿ, ಸಂಡೂರು, ಹೊಸಪೇಟೆ. ಎಲ್ಲಕ್ಕಿಂತ ದೂರ, ಸಮುದ್ರದ ಅಂಚಿಗೆ ಒಂಟಿಯಾಗಿ ಮೆಟ್ರಿ. ನಿಜವಾದ ಮೆಟ್ರಿಯಿಂದ ಕಂಪ್ಲಿಗೆ ಎಷ್ಟು ದೂರವೆಂದು ನನಗೆ ಗೊತ್ತಿಲ್ಲವೇ! "ನಮ್ಮನ್ಯಾಕೆ ಅಷ್ಟು ದೂರ ಎಸೆದೆ?" ಎಂದೆ. ಕೊನೆಗೆ ಕಟ್ಟಿದ ಊರಂತೆ, ಹೆಸರುಗಳು ಮುಗಿದುಹೋಗಿ ಖಾಲಾನ ಊರನ್ನು ಇಟ್ಟನಂತೆ.

ನಾನು ನಕ್ಕೆ. ಆದರೆ ಆ ಊರಿನ ಮೇಲೆ ಒತ್ತಿದಾಗ ಬಂದ ಪಟ್ಟಿ ನೋಡಿ ನಗು ನಿಂತಿತು. ಮೆಟ್ರಿಯ ಜನ ದುಡಿದದ್ದನ್ನು ಸಾಲಾಗಿ ಗುರಾಣಿಗಳ ಗುರುತಿನಲ್ಲಿ ತೋರಿಸಿದ್ದರು. ಒಂದು ಗುರಾಣಿ ಮಾತ್ರ ಸರಿಯಾದ ಬಣ್ಣದಲ್ಲಿತ್ತು. ಮಿಕ್ಕದ್ದೆಲ್ಲಾ ಕೆಂಪು. "ಕೆಂಪಂದ್ರೆ ಹೋದದ್ದು ಖಾಲಾ. ಕರಪ್ಷನ್ನು" ಎಂದ ಹುಡುಗ, ಮಳೆ ಬಂತು ಎನ್ನುವಷ್ಟು ಸಹಜವಾಗಿ.

ಈ ಆಟದ ಹೆಸರು ಸಿವಿಲೈಸೇಶನ್. ಸಿಡ್ ಮೀಯರ್ ಎಂಬ ಅಮೆರಿಕದವರು 1991 ರಲ್ಲಿ ಮೊದಲ ಬಾರಿಗೆ ತಂದದ್ದು. ನನ್ನ ಅಕ್ಕನ ಮಗ ಆಡುತ್ತಿದ್ದುದು ಅದರ ಮೂರನೆಯ ಆವೃತ್ತಿ, 2001 ರದ್ದು. ಅವನ ಹಳೆಯ ಯಂತ್ರಕ್ಕೆ ಅದೇ ಹೊಂದುವುದಂತೆ. ಅದರಲ್ಲಿ ಭ್ರಷ್ಟಾಚಾರಕ್ಕೂ ಒಂದು ಲೆಕ್ಕವಿದೆ. ಊರು ರಾಜಧಾನಿಯಿಂದ ದೂರವಾದಷ್ಟೂ ಸೋರಿಕೆ ಹೆಚ್ಚು. ರಾಜ್ಯದಲ್ಲಿ ಊರುಗಳು ಮಿತಿ ಮೀರಿ ಬೆಳೆದರೆ ಇನ್ನೂ ಹೆಚ್ಚು. ಸರಕಾರ ಯಾವ ಬಗೆಯದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ನಿರಂಕುಶ ಅರಸನಿದ್ದರೆ ವಿಪರೀತ, ಪ್ರಜಾಪ್ರಭುತ್ವವಿದ್ದರೆ ಅತಿ ಕಡಿಮೆ. ಕಮ್ಯುನಿಸ್ಟ್ ಆಡಳಿತ ತಂದರೆ ದೂರ ಹತ್ತಿರದ ಭೇದವಿಲ್ಲದೆ ಎಲ್ಲ ಊರಿಗೂ ಸಮಪಾಲು! ಇದನ್ನು ಹೇಳುವಾಗ ಹುಡುಗನಿಗೆ ನಗು ತಡೆಯಲಾಗಲಿಲ್ಲ. ಸೋರಿಕೆ ಕಡಿಮೆಯಾಗಬೇಕಾದರೆ ಆ ಊರಿನಲ್ಲಿ ನ್ಯಾಯಾಲಯ ಕಟ್ಟಬೇಕು. ಇಲ್ಲವೇ ದೂರದಲ್ಲಿ ಇನ್ನೊಂದು ಅರಮನೆ ಕಟ್ಟಿ ಎರಡನೆಯ ರಾಜಧಾನಿಯಂತೆ ಮಾಡಬೇಕು.

ನಾನು ಮೊರ ಎತ್ತಿಕೊಂಡು ಬಂದೆನಾದರೂ ಮನಸ್ಸು ಅಲ್ಲೇ ಇತ್ತು. ಇದನ್ನು ಎಲ್ಲೋ ಓದಿದ್ದೇನಲ್ಲ? ಆಮೇಲೆ ಹೊಳೆಯಿತು. ಇಬ್ನು ಖಲ್ದೂನ್! ಮದ್ರಸಾದಲ್ಲಿ ಉಸ್ತಾದರ ಬಾಯಿಂದ ಕೇಳಿದ ಹೆಸರು. ಮುಂದೆ ಬಿ.ಎ.ಗೆ ಕಟ್ಟಿ ಇತಿಹಾಸ ಓದುವಾಗ ಮತ್ತೆ ಸಿಕ್ಕಿದ್ದರು. 1377 ರಲ್ಲಿ ಬರೆದ 'ಮುಕದ್ದಿಮಾ'ದಲ್ಲಿ ಅವರು ಹೇಳುವುದೂ ಹೆಚ್ಚುಕಡಿಮೆ ಇದೇ. ರಾಜ್ಯದ ಬಲವೆಲ್ಲಾ ನಡುವಿನಲ್ಲಿ, ಗಡಿಯತ್ತ ಹೋದಂತೆ ಅದು ಕ್ಷೀಣಿಸುತ್ತದೆ. ನೀರಿಗೆ ಕಲ್ಲು ಹಾಕಿದಾಗ ಏಳುವ ಸುತ್ತುಗಳನ್ನೇ ಅವರು ಹೋಲಿಕೆಗೆ ತರುತ್ತಾರೆ. ಆರು ನೂರು ವರ್ಷಗಳ ಹಿಂದಿನ ಮಾತು ಅಕ್ಕನ ಮಗನ ಲ್ಯಾಪ್‌ಟಾಪಿನಲ್ಲಿ ಕೆಂಪು ಗುರಾಣಿಯಾಗಿ ಕುಳಿತಿದೆ.

ನಮ್ಮ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸಲು ಪುಸ್ತಕವೂ ಬೇಡ, ಆಟವೂ ಬೇಡ. ತುಂಗಭದ್ರಾ ಕಾಲುವೆ ಸಾಕು. ಅಣೆಕಟ್ಟಿನ ಹತ್ತಿರದ ಗದ್ದೆಗೆ ನೀರು ತುಂಬಿ ಹರಿಯುತ್ತದೆ, ಕೊನೆಯಂಚಿನ ರೈತ ಮಾತ್ರ ತೂಬಿನ ಬಾಯಲ್ಲಿ ಕಣ್ಣಿಟ್ಟು ಕೂರುತ್ತಾನೆ. ದೂರವಾದಂತೆ ನೀರು ಕಡಿಮೆ. ನಿಜವೇ. ಆದರೆ ನೀರು ದಾರಿಯಲ್ಲಿ ತಾನಾಗಿ ಇಂಗಿ ಹೋಯಿತೇ? ಅಷ್ಟೋ ಇಷ್ಟೋ ಇಂಗುತ್ತದೆ, ಇಲ್ಲವೆನ್ನುವುದಿಲ್ಲ. ಉಳಿದದ್ದಕ್ಕೆ ಮೇಲಿನ ದಡದಲ್ಲಿ ಅಕ್ರಮವಾಗಿ ಇಳಿಬಿಟ್ಟ ಪಂಪುಸೆಟ್ಟಿನ ಪೈಪುಗಳನ್ನು ಕೇಳಬೇಕು. ಕೊನೆಯ ರೈತನ ಪಾಲಿನ ನೀರು ಯಾರದೋ ಗದ್ದೆಯಲ್ಲಿ ಬೆಳೆಯಾಗಿ ನಿಂತಿರುತ್ತದೆ. ಆ ಗದ್ದೆಗೆ ಸರ್ವೆ ನಂಬರು ಇರುತ್ತದೆ, ಒಡೆಯನಿಗೆ ಹೆಸರಿರುತ್ತದೆ.

ಆಟದಲ್ಲಿ ನನಗೆ ಒಗ್ಗದಿದ್ದುದು ಇದೇ. ಕೆಂಪು ಗುರಾಣಿ ಹೋಯಿತು, ಸರಿ. ಎಲ್ಲಿಗೆ ಹೋಯಿತು? ಸಂಜೆ ಚಹಾ ಕೊಡುವಾಗ ಕೇಳಿದೆ. ಅವನು ಸ್ವಲ್ಪ ಯೋಚಿಸಿ, "ಎಲ್ಲಿಗೂ ಹೋಗಲ್ಲ ಖಾಲಾ. ಸುಮ್ನೆ ಇಲ್ಲದಂಗ ಆಗತೈತಿ" ಎಂದ. ತಿಂದವನಿಲ್ಲದ ಲಂಚ!

ಸಂಡೂರಿನ ಬೆಟ್ಟಗಳ ಪಕ್ಕದಲ್ಲಿ ಬಾಳಿದ ನಮಗೆ ಇದನ್ನು ನಂಬಲು ಆಗುವುದಿಲ್ಲ, ಸಹೋದರಿಯರೇ. 2003 ರ ನಂತರ ಚೀನಾದಲ್ಲಿ ಉಕ್ಕಿಗೆ ಬೇಡಿಕೆ ಏರಿ ನಮ್ಮ ಕೆಂಪು ಮಣ್ಣಿಗೆ ಚಿನ್ನದ ಬೆಲೆ ಬಂತು. ಹೊಸಪೇಟೆ, ಸಂಡೂರು, ತೋರಣಗಲ್ಲು ರಸ್ತೆಗಳಲ್ಲಿ ಹಗಲು ರಾತ್ರಿ ಅದಿರು ಲಾರಿಗಳ ಸಾಲು. ಅಂಗಳದಲ್ಲಿ ಒಣಹಾಕಿದ ಬಿಳಿ ಬಟ್ಟೆ ಕೆಂಪಾಗಿ ಒಳಗೆ ಬರುತ್ತಿತ್ತು. ಕುಡಿಯುವ ನೀರಿನ ಕೊಡಕ್ಕೆ ಬಟ್ಟೆ ಕಟ್ಟದೆ ಇಡುವಂತಿರಲಿಲ್ಲ. ಟನ್ನಿಗೆ ಸಾವಿರಾರು ರೂಪಾಯಿ ಬೆಲೆ ಬಾಳುವ ಅದಿರಿಗೆ ಸರಕಾರಕ್ಕೆ ಸಲ್ಲುತ್ತಿದ್ದ ರಾಜಧನ, 2009 ರಲ್ಲಿ ಲೆಕ್ಕ ಬದಲಾಗುವ ತನಕ, ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಅದೂ ರಸೀದಿ ಇದ್ದ ಅದಿರಿಗೆ.

ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008 ರ ಡಿಸೆಂಬರ್‌ನಲ್ಲಿ ಮೊದಲ ವರದಿ ಕೊಟ್ಟರು, 2011 ರ ಜುಲೈ 27 ರಂದು ಎರಡನೆಯದು. 2006 ರಿಂದ 2010 ರವರೆಗೆ ಬೊಕ್ಕಸಕ್ಕೆ ಆದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಎಂದು ಆ ವರದಿ ಲೆಕ್ಕ ಹಾಕಿತು. ಮೊತ್ತಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಬಿಡಿಸಿ ತೋರಿಸಿದ ಒಂದು ಏರ್ಪಾಡು. ಅದಕ್ಕೆ 'ಝೀರೋ ರಿಸ್ಕ್' ಎಂದು ಹೆಸರು. ಅದಿರು ಸಾಗಿಸುವವನು ಕೊಡಬೇಕಾದ ಪಾಲು ಕೊಟ್ಟುಬಿಟ್ಟರೆ ಮುಗಿಯಿತು. ಪರವಾನಿಗೆ ಇರಲಿ ಬಿಡಲಿ, ಗಣಿಯಿಂದ ಬಂದರಿನವರೆಗೆ ಯಾವ ತಪಾಸಣಾ ಠಾಣೆಯಲ್ಲೂ ಲಾರಿಗೆ ತೊಂದರೆಯಿಲ್ಲ. ಸಂತೆಯಲ್ಲಿ ಸುಂಕ ಕೊಟ್ಟವನನ್ನು ಮತ್ತೊಬ್ಬ ಕೇಳುವುದಿಲ್ಲವಲ್ಲ, ಹಾಗೆ. ಇದರಲ್ಲಿ ಸೋರಿಕೆ ಎಲ್ಲಿ ಬಂತು? ಸರಕಾರದ ಆಡಳಿತಕ್ಕಿಂತ ಅಚ್ಚುಕಟ್ಟಾದ ಇನ್ನೊಂದು ಆಡಳಿತವೇ ನಡೆಯುತ್ತಿತ್ತು.

ದೂರದ ಲೆಕ್ಕವನ್ನಾದರೂ ನೋಡಿ. ಕಳ್ಳತನ ನಡೆದದ್ದು ಗಡಿಯಲ್ಲಿ, ಅದು ಆಟದ ಪ್ರಕಾರವೇ. ಕರ್ನಾಟಕ ಮತ್ತು ಆಂಧ್ರದ ನಡುವಿನ ಗಡಿ ಗುರುತುಗಳೇ ಅಳಿಸಿ ಹೋದವು, ಅಲ್ಲಿದ್ದ ಸುಗ್ಗಲಮ್ಮ ದೇವಿಯ ಹಳೆಯ ಗುಡಿಯನ್ನು 2006 ರಲ್ಲಿ ಸ್ಫೋಟಿಸಿ ಕೆಡವಿದರು. ಆದರೆ ವರದಿಯ ಬೆರಳು ಹೋಗಿ ನಿಂತದ್ದು ರಾಜಧಾನಿಯಲ್ಲಿ. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 2011 ರ ಜುಲೈ 31 ರಂದು ರಾಜೀನಾಮೆ ಕೊಡಬೇಕಾಯಿತು. (ಅದಕ್ಕೆ ಸಂಬಂಧಿಸಿದ ಲಂಚದ ಮೊಕದ್ದಮೆಯಲ್ಲಿ ಸಿಬಿಐ ವಿಶೇಷ ನ್ಯಾಯಾಲಯ 2016 ರ ಅಕ್ಟೋಬರ್‌ನಲ್ಲಿ ಅವರನ್ನು ಖುಲಾಸೆ ಮಾಡಿತು ಎಂಬುದನ್ನೂ ಹೇಳಬೇಕು.) ಆಟದಲ್ಲಿ ರಾಜಧಾನಿಗೆ ಕೆಂಪು ಹತ್ತುವುದೇ ಅಪರೂಪ. ಆಡುವವನೇ ರಾಜ. ತನ್ನ ಖಜಾನೆಯನ್ನು ತಾನೇ ಯಾಕೆ ಕದ್ದಾನು! ಆಟ ಕಟ್ಟಿದವರಿಗೆ ಆ ಸಾಧ್ಯತೆ ಹೊಳೆಯಲೇ ಇಲ್ಲವೋ, ಹೊಳೆದರೂ ಆಡುವವರಿಗೆ ಬೇಸರವಾದೀತೆಂದು ಬಿಟ್ಟರೋ. 2005 ರ ನಾಲ್ಕನೆಯ ಆವೃತ್ತಿಯಲ್ಲಂತೂ ಭ್ರಷ್ಟಾಚಾರದ ಲೆಕ್ಕವನ್ನೇ ತೆಗೆದು, ಅದರ ಜಾಗದಲ್ಲಿ ಊರುಗಳ ನಿರ್ವಹಣಾ ವೆಚ್ಚ ಎಂದು ಇಟ್ಟಿದ್ದಾರಂತೆ. ಹೆಸರು ಬದಲಿಸಿದರೆ ಮರ್ಯಾದೆ ಬರುತ್ತದೆ ಎಂಬುದು ಅವರಿಗೂ ಗೊತ್ತು.

ಇಷ್ಟೆಲ್ಲಾ ಬರೆಯುವ ನನ್ನ ಮನೆಯ ಕಥೆ ಹೇಳದಿದ್ದರೆ ತಪ್ಪಾದೀತು. ಆ ವರ್ಷಗಳಲ್ಲಿ ನನ್ನ ಮೈದುನ ಸಾಲ ಮಾಡಿ ಒಂದು ಲಾರಿ ಕೊಂಡಿದ್ದ. ಅದಿರು ಹೊಡೆಯುತ್ತಿದ್ದ. ನಮ್ಮ ಮನೆಯ ಮೇಲ್ಛಾವಣಿ, ನಾದಿನಿಯ ಮದುವೆಯ ಬಟ್ಟೆ, ಈದ್‌ನ ಬಿರಿಯಾನಿ, ಎಲ್ಲದರಲ್ಲೂ ಆ ಲಾರಿಯ ದುಡಿಮೆ ಇತ್ತು. ಅವನು ದುಡಿಯುವುದರಲ್ಲಿ ಮೋಸಗಾರನಲ್ಲ, ನಿದ್ದೆಗೆಟ್ಟು ದುಡಿದ. ಆದರೆ ರಾತ್ರಿ ಊಟಕ್ಕೆ ಕುಳಿತಾಗ "ಇವತ್ತು ದಾರಿ ಖರ್ಚು ಇಷ್ಟಾಯ್ತು ಭಾಬಿ" ಎನ್ನುತ್ತಿದ್ದ. ಆ ಖರ್ಚು ಯಾತರದೆಂದು ನಾನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಮಕ್ಕಳಿಗೆ ರಿಶ್ವತ್ ಕೊಡುವವನೂ ತೆಗೆದುಕೊಳ್ಳುವವನೂ ಇಬ್ಬರೂ ತಪ್ಪಿತಸ್ಥರು ಎಂದು ಪಾಠ ಮಾಡುತ್ತಿದ್ದೆ. ಕೇಳಿದ್ದರೆ ಉತ್ತರ ಕೊಡುತ್ತಿದ್ದ. ಅದಕ್ಕೇ ಕೇಳಲಿಲ್ಲ.

2011 ರ ಜುಲೈ 29 ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಮೊಕದ್ದಮೆ ಅದು. 2013 ರ ಏಪ್ರಿಲ್ 18 ರ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಅತಿ ಹೆಚ್ಚು ಅಕ್ರಮವೆಸಗಿದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿದರು. ನ್ಯಾಯ ಗೆದ್ದಿತೆಂದು ಊರೆಲ್ಲಾ ಮಾತಾಡುವಾಗ ಮೈದುನನ ಲಾರಿ ಬೇವಿನ ಮರದ ಕೆಳಗೆ ನಿಂತಿತ್ತು. ಕಂತು ಕಟ್ಟಲಾಗದೆ ಫೈನಾನ್ಸಿನವರು ಒಯ್ದರು. ನಾದಿನಿಯ ಬಳೆಗಳು ಆ ಸಾಲಕ್ಕೆ ಹೋದವು. ಕೋಟಿಗಟ್ಟಲೆ ಒಯ್ದವರ ಮನೆಯ ಬಳೆ ಹೋದದ್ದು ನಾನು ಕೇಳಿಲ್ಲ. ಹಾಗೆಂದು ನಿಷೇಧ ತಪ್ಪೆನ್ನುವ ಧೈರ್ಯವೂ ನನಗಿಲ್ಲ. ಕೊಡಕ್ಕೆ ಬಟ್ಟೆ ಕಟ್ಟುವುದು ತಪ್ಪಿತಲ್ಲ!

ನ್ಯಾಯಾಲಯ ಕಟ್ಟಿದರೆ ಸೋರಿಕೆ ನಿಲ್ಲುತ್ತದೆಂಬ ಆಟದ ನಿಯಮದ ಬಗ್ಗೆಯೂ ಒಂದು ಮಾತು. ಕರ್ನಾಟಕ ಲೋಕಾಯುಕ್ತ ಕಾಯ್ದೆ ಬಂದದ್ದು 1984 ರಲ್ಲಿ. ಅಂಥ ಸಂಸ್ಥೆಯಿಂದ 2016 ರಲ್ಲಿ ಲಂಚದ ತನಿಖೆಯ ಅಧಿಕಾರ ತೆಗೆದು ಸರಕಾರದ ಕೈಕೆಳಗೆ ಭ್ರಷ್ಟಾಚಾರ ನಿಗ್ರಹ ದಳ ಮಾಡಿದರು. ಆರು ವರ್ಷಗಳ ಮೇಲೆ, 2022 ರ ಆಗಸ್ಟ್‌ನಲ್ಲಿ, ಹೈಕೋರ್ಟು ಆ ದಳವನ್ನು ರದ್ದುಪಡಿಸಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಕಟ್ಟಿದ ನ್ಯಾಯಾಲಯದ ಬಾಗಿಲನ್ನು ರಾಜನೇ ಕಿತ್ತುಕೊಂಡು ಹೋಗಬಹುದೆಂದು ಆಟದಲ್ಲಿ ಬರೆದಿಲ್ಲ. ಹತ್ತಿರ ತಂದರೆ ಸರಿಹೋಗುತ್ತದೆಂಬ ನಂಬಿಕೆ ನಮ್ಮಲ್ಲೂ ಇದೆ. 2021 ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆಗೆ ಜಿಲ್ಲಾ ಕಚೇರಿ ಬಂತು, ನಮ್ಮ ಕಂಪ್ಲಿಯೂ ಸಂಡೂರೂ ಬಳ್ಳಾರಿಯಲ್ಲೇ ಉಳಿದವು. ಬಸ್ಸಿನ ಖರ್ಚು ಉಳಿದವರಿಗೆ ಉಳಿಯಿತು. ಟೇಬಲ್ಲಿನ ಕೆಳಗಿನ ಕೈಗೆ ಕಿಲೋಮೀಟರ್ ಲೆಕ್ಕವಿಲ್ಲ.

ಆ ಕೈ ನನಗೂ ಗೊತ್ತು. ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಒಬ್ಬ ತಂದೆಯಿಲ್ಲದ ಹುಡುಗಿಗೆ ವಿದ್ಯಾರ್ಥಿವೇತನಕ್ಕೆಂದು ಆದಾಯ ಪ್ರಮಾಣ ಪತ್ರ ಬೇಕಿತ್ತು. ಅವಳ ಅಮ್ಮಿಯ ಜೊತೆ ಒಂದು ಕಚೇರಿಗೆ ಮೂರು ಸಲ ಹೋದೆ. ಮೂರನೆಯ ಸಲ ಹೊರಗೆ ನಿಂತಿದ್ದ ಏಜೆಂಟನಿಗೆ ಮುನ್ನೂರು ರೂಪಾಯಿ ಕೊಟ್ಟೆ. ಸಂಜೆಗೆ ಪತ್ರ ಬಂತು. ಹುಡುಗಿ ಕೇಳಿದಾಗ "ಫೀಸು" ಎಂದೆ.

ಅಕ್ಕನ ಮಗನಿಗೆ ಇದನ್ನೂ ಹೇಳಿದೆ. ಅವನು ಕೂಡಲೇ ಮೊಬೈಲಿನಲ್ಲಿ ಹುಡುಕಿ ನನ್ನ ಮುಂದಿಟ್ಟ. 2018 ರ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ, ಏಳು ವರ್ಷದವರೆಗೆ ಶಿಕ್ಷೆ. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ವಿನಾಯಿತಿ. "ಖಾಲಾ, ನಿಮಗ ಏಳು ದಿನ ಮುಗದು ಎರಡು ವರ್ಷ ಆತು" ಎಂದು ನಕ್ಕ. ನನಗೆ ನಗು ಬರಲಿಲ್ಲ. ಜೊತೆಗೆ ಸಕಾಲ ಕಾಯ್ದೆಯನ್ನೂ ತೋರಿಸಿದ. 2012 ರಿಂದ ಜಾರಿಯಲ್ಲಿರುವ ಇದರ ಪ್ರಕಾರ ಅರ್ಜಿ ಕೊಟ್ಟ ತಕ್ಷಣ ಸಂಖ್ಯೆಯುಳ್ಳ ಸ್ವೀಕೃತಿ ಪತ್ರ ಕೊಡಬೇಕು, ನಿಗದಿತ ದಿನ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಅರ್ಜಿದಾರರಿಗೆ ಪರಿಹಾರ ಸಿಗಬೇಕು. ಸ್ವೀಕೃತಿ ಪತ್ರ ಕೇಳಿ ಪಡೆಯಿರಿ, ಸಹೋದರಿಯರೇ. ನಾನು ಅಂದು ಕೇಳಿರಲಿಲ್ಲ.

ಹುಡುಗ ಹೊರಡುವ ಹಿಂದಿನ ದಿನ ಮತ್ತೆ ಆಟದ ಮುಂದೆ ಕುಳಿತಿದ್ದ. "ಮೆಟ್ರಿಯಾಗ ನ್ಯಾಯಾಲಯ ಕಟ್ಟಾಕ ಹಚ್ಚೀನಿ ಖಾಲಾ" ಎಂದ. ಎಷ್ಟು ದಿನ ಬೇಕು ಎಂದೆ. ಅದೇ ಕಷ್ಟವಂತೆ. ಊರಿನ ದುಡಿಮೆಯಲ್ಲಿ ಕೈಗೆ ದಕ್ಕುವುದು ಸರದಿಗೊಂದೇ ಗುರಾಣಿ, ಮಿಕ್ಕದ್ದು ಕೆಂಪು. ಕೆಂಪು ನಿಲ್ಲಲು ನ್ಯಾಯಾಲಯ ಬೇಕು, ನ್ಯಾಯಾಲಯ ಕಟ್ಟಲು ಆ ಕೆಂಪಾಗಿ ಹೋದದ್ದೇ ಬೇಕು. ಖಜಾನೆಯಿಂದ ಹಣ ಕೊಟ್ಟು ಬೇಗ ಮುಗಿಸಬಹುದಿತ್ತು, ಅದನ್ನವನು ಸಂಡೂರಿನ ಕೋಟೆಗೆ ಸುರಿದುಬಿಟ್ಟಿದ್ದ. ಮಗ್ರಿಬ್ ಅಝಾನ್ ಕೇಳಿತು. ಲ್ಯಾಪ್‌ಟಾಪು ಮುಚ್ಚಿ ವುಝೂ ಮಾಡಲು ಎದ್ದ. ಇನ್ನೂ ಅರವತ್ತೆರಡು ಸರದಿ ಬಾಕಿ ಇತ್ತು.