ದಂಡ ಗಡಿ ದಾಟಿತು, ತಪ್ಪು ದಾಟಲಿಲ್ಲ

ಬಸ್ಸಿನಲ್ಲಿ ಓಡಾಡುವ ಜನಕ್ಕೆ ತಲಪಾಡಿ ಗಡಿಯೇ ಅಲ್ಲ. ಬೆಳಗಾದರೆ ಕಾಸರಗೋಡಿನವರು ಮಂಗಳೂರಿನ ಆಸ್ಪತ್ರೆಗೆ, ಕಾಲೇಜಿಗೆ, ಬಂದರಿನ ಸಗಟು ಅಂಗಡಿಗಳಿಗೆ ಬರುತ್ತಾರೆ, ಸಂಜೆ ಮರಳುತ್ತಾರೆ. ಇಲ್ಲಿನ ಟೆಂಪೊಗಳು ಸಾಮಾನು ಹೇರಿಕೊಂಡು ಆಚೆ ಹೋಗುತ್ತವೆ. ಕೆ.ಎ. 19ಕ್ಕೂ ಕೆ.ಎಲ್. 14ಕ್ಕೂ ದಿನನಿತ್ಯದ ನೆಂಟಸ್ತಿಕೆ. ಆದರೆ ಸಂಚಾರ ನಿಯಮ ಮುರಿದಾಗ ಮಾತ್ರ ಈ ನೆಂಟಸ್ತಿಕೆಯ ಲೆಕ್ಕ ತಲೆಕೆಳಗಾಗುತ್ತದೆ.

ಕೇರಳ ಸರ್ಕಾರ 726 ಕ್ಯಾಮೆರಾಗಳ ಯೋಜನೆ ಮಾಡಿ, 2023ರ ಜೂನ್ 5ರಿಂದ ದಂಡ ಹಾಕತೊಡಗಿತು. ತಲೆಗೆ ಹೆಲ್ಮೆಟ್ ಇಲ್ಲ, ಎದೆಗೆ ಸೀಟ್ ಬೆಲ್ಟ್ ಇಲ್ಲ ಎಂದರೆ ಫೋಟೊ ಬಿತ್ತು. ನಂಬರ್ ಪ್ಲೇಟು ಕರ್ನಾಟಕದ್ದೆಂದು ಬಿಡುವ ಹಾಗಿಲ್ಲ. ಬಹುತೇಕ ಎಲ್ಲ ರಾಜ್ಯಗಳ ಗಾಡಿಗಳ ನೋಂದಣಿ 'ವಾಹನ್' ಎಂಬ ಒಂದೇ ಕಂಪ್ಯೂಟರ್ ದಾಖಲೆಯಲ್ಲಿದೆ. ನಂಬರ್ ಕೊಟ್ಟರೆ ಮಾಲೀಕರ ವಿವರ ಸಿಗುತ್ತದೆ, ಚಲನ್ ಅವರಿಗೆ ಹೋಗುತ್ತದೆ. ಕಟ್ಟಿದ ಹಣ ತಪ್ಪು ನಡೆದ ರಾಜ್ಯದ ಬೊಕ್ಕಸಕ್ಕೆ.

ಇಷ್ಟು ಸರಿಯೇ. ಸಿಗ್ನಲ್ ಹಾರುವವರಿಗೆ ಪರರಾಜ್ಯದವರೆಂದು ವಿನಾಯಿತಿ ಯಾಕೆ ಸ್ವಾಮಿ? ಹಂಪನಕಟ್ಟೆಯಲ್ಲಿ ರಸ್ತೆ ದಾಟುವ ಅಜ್ಜಿಗೆ ಗುದ್ದುವ ಗಾಡಿ ಯಾವ ರಾಜ್ಯದ್ದಾದರೇನು, ಮುರಿಯುವುದು ಅಜ್ಜಿಯ ಸೊಂಟ.

ತೊಡಕಿರುವುದು ಇಲ್ಲಿ: ಕ್ಯಾಮೆರಾ ಓದುವುದು ಗಾಡಿಯ ನಂಬರ್, ಓಡಿಸಿದವನ ಲೈಸೆನ್ಸ್ ಅಲ್ಲ. ಅಂಗಡಿ ಧಣಿಗಳ ಟೆಂಪೊವನ್ನು ಡ್ರೈವರ್ ಯದ್ವಾತದ್ವಾ ಓಡಿಸಿದರೆ ದಂಡದ ಸಂದೇಶ ಬರುವುದು ಧಣಿಗಳ ಮೊಬೈಲಿಗೆ. ಡ್ರೈವರ್ ಕೆಲಸ ಬಿಟ್ಟು ಇನ್ನೊಂದು ಗಾಡಿ ಹತ್ತುತ್ತಾನೆ. ಅವನ ಲೈಸೆನ್ಸಿಗೆ ಒಂದು ಕಪ್ಪು ಚುಕ್ಕೆಯೂ ಬೀಳುವುದಿಲ್ಲ. ಹಳೇ ಸ್ಕೂಟರ್ ಮಾರಿ, ಹೆಸರು ಬದಲಾಯಿಸದೆ ಬಿಟ್ಟವರ ಪಾಡಂತೂ ಕೇಳುವುದೇ ಬೇಡ. ಮಂಜೇಶ್ವರದಲ್ಲಿ ಯಾರೋ ಬೋಳುತಲೆಯಲ್ಲಿ ಸವಾರಿ ಹೋದರೆ, ಪಾಪ, ಚಲನ್ ಇವರಿಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುವುದು ಇದಕ್ಕೇ.

2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆ ಹೆಲ್ಮೆಟ್ ಇಲ್ಲದವರಿಗೆ 1,000 ರೂಪಾಯಿ ದಂಡ ಎಂದಷ್ಟೇ ಹೇಳಿಲ್ಲ. 3 ತಿಂಗಳು ಲೈಸೆನ್ಸ್ ಇಟ್ಟುಕೊಳ್ಳಲು ಅನರ್ಹರು ಎಂದೂ ಹೇಳಿದೆ. ದಂಡ ಜಾಸ್ತಿಯಾಯಿತೆಂದು ಕರ್ನಾಟಕವೂ ಕೇರಳವೂ ಅದನ್ನು 500ಕ್ಕೆ ಇಳಿಸಿದವು. ಲೈಸೆನ್ಸಿನ ಮಾತು? ಓಡಿಸಿದವರು ಯಾರೆಂದೇ ಗೊತ್ತಿಲ್ಲದ ಕ್ಯಾಮೆರಾ ಕೇಸಿನಲ್ಲಿ ಯಾರ ಲೈಸೆನ್ಸ್ ಹಿಡಿಯುವುದು? ದೇಶಕ್ಕೆಲ್ಲ ಒಂದೇ ಲೈಸೆನ್ಸ್ ರಿಜಿಸ್ಟರ್ ಇರಬೇಕೆಂದು ಅದೇ ಕಾಯ್ದೆ ಹೇಳಿದೆ. ಅದರಿಂದ ಜನಕ್ಕೆ ಪ್ರಯೋಜನವಾಗಬೇಕಾದ್ದು ಇಂಥ ಕಡೆಯೇ.

ಇದು ಆಗದ ಹೋಗದ ಮಾತೇನಲ್ಲ. ಅಮೆರಿಕದ ಬಹುಪಾಲು ರಾಜ್ಯಗಳು 1960ರ ದಶಕದಲ್ಲಿ ಹುಟ್ಟಿದ ಒಂದು ಒಪ್ಪಂದಕ್ಕೆ ಸೇರಿವೆ. ಪರರಾಜ್ಯದಲ್ಲಿ ಚಾಲಕನ ಮೇಲೆ ಸಾಬೀತಾದ ತಪ್ಪು ಅವನ ಸ್ವಂತ ರಾಜ್ಯಕ್ಕೆ ವರದಿಯಾಗುತ್ತದೆ. ಒಬ್ಬ ಚಾಲಕ, ಒಂದು ಲೈಸೆನ್ಸ್, ಒಂದು ದಾಖಲೆ ಎಂಬುದು ಅದರ ಘೋಷಣೆ.

ನಮ್ಮಲ್ಲಿ ವಸೂಲಿಗೆ ಉತ್ಸಾಹ ಕಡಿಮೆಯಿಲ್ಲ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟು ಕೋಟಿಗಟ್ಟಲೆ ಬಾಚಿತು. ಅದರಲ್ಲಿ ಕಾಲು ಪಾಲು ಉತ್ಸಾಹ ನ್ಯಾಯಕ್ಕೂ ಇರಲಿ. ಚಲನ್ ಬಂದ ಮಾಲೀಕರು ಓಡಿಸಿದವರ ಲೈಸೆನ್ಸ್ ನಂಬರ್ ಕೊಟ್ಟರೆ ತಪ್ಪು ಅವರ ಲೆಕ್ಕಕ್ಕೆ ಹೋಗಲಿ. ಕಾಸರಗೋಡಿನ ಚಲನ್ ತಪ್ಪಾಗಿದ್ದರೆ ಮಂಗಳೂರಿನ ಆರ್.ಟಿ.ಓ. ಆಫೀಸಿನಲ್ಲೇ ತಕರಾರು ಹೇಳುವಂತಾಗಲಿ. ಅಲ್ಲಿಯವರಿಗೂ ಇದೇ ಅನುಕೂಲ ಅಲ್ಲೇ ಸಿಗಲಿ. ಸಂದೇಶ ಕನ್ನಡದಲ್ಲೂ ಮಲಯಾಳದಲ್ಲೂ ಬರಲಿ.

ದುಡ್ಡು ಗಡಿ ದಾಟಲು ದಾರಿ ಮಾಡಿಕೊಟ್ಟ ಸರ್ಕಾರಗಳು ಹೊಣೆಯನ್ನೂ ದಾಟಿಸಲಿ. ಇಲ್ಲವಾದರೆ ಧಣಿಗಳು ಕಟ್ಟುತ್ತಲೇ ಇರುತ್ತಾರೆ, ಡ್ರೈವರ್ ಹಾರುತ್ತಲೇ ಇರುತ್ತಾನೆ, ಬಸ್ಸಿಳಿದು ರಸ್ತೆ ದಾಟುವವರು ಜೀವ ಕೈಯಲ್ಲಿ ಹಿಡಿದೇ ನಡೆಯಬೇಕು.